ಜೋತುಬಿದ್ದ ರೊಟ್ಟಿ

ಚಿತ್ರದಲ್ಲಿ ಬರೆದ ಕೊಡಕ್ಕೂ ತೂಕವಿದ್ದರೆ ಏನಾದೀತು? ಈ ಪ್ರಶ್ನೆ ಪೂರ್ಣಿಮಾ ಹೆಬಸೂರಳ ತಲೆಗೆ ಹೊಕ್ಕಾಗ ಅವಳು ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಆ ಪ್ರಶ್ನೆಯ ಬೆನ್ನುಹತ್ತಿ ಕಾಲೇಜು ಬಿಟ್ಟಳು, ಗೆರೆಮನೆ ಎಂಬ ಆನಿಮೇಷನ್ ಸ್ಟುಡಿಯೋ ಸೇರಿದಳು, ಆರು ವರ್ಷ ತಲೆ ಕೆಡಿಸಿಕೊಂಡು ಕೊನೆಗೊಂದು ಮೇಜು ಮಾಡಿದಳು. ಹೊರಗಿನಿಂದ ನೋಡಿದರೆ ಅದು ಟೇಬಲ್ ಟೆನಿಸ್ ಆಡುವ ಮೇಜಿನಷ್ಟೇ ಸಾದಾ ಆಗಿತ್ತು. ಆದರೆ ಅದರ ಮೇಲೆ ಕೊಡ ಬರೆದು, ಇದು ತಾಮ್ರದ್ದು, ಕಂಠದವರೆಗೆ ನೀರಿದೆ ಎಂದು ಹೇಳಿ, ತಂತಿ ಹೆಣೆದ ಕೈಗವಸು ಹಾಕಿಕೊಂಡು ಎತ್ತಲು ಹೋದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಕೈಗವಸು ಆ ಕೊಡದ ಭಾರವನ್ನು ಇದ್ದಷ್ಟೂ ಕೈಗೆ ದಾಟಿಸುತ್ತಿತ್ತು. ಕಲಾವಿದ ಹೇಗೆ ಮುಗ್ಗರಿಸಿದನೋ ಪರದೆಯ ಮೇಲಿನ ಬೊಂಬೆಯೂ ಹಾಗೆಯೇ ಮುಗ್ಗರಿಸುತ್ತಿತ್ತು. ಎಲ್ಲರೂ ಅದನ್ನು ತೂಕದ ಮೇಜು ಎಂದೇ ಕರೆದರು.

ಅಂಥದ್ದೊಂದು ಬೇಕಾದ ಕಾಲವೂ ಬಂದಿತ್ತು. ಯಂತ್ರಕ್ಕೆ ಒಂದು ಸಾಲು ಹೇಳಿದರೆ ಸಾಕು, ಆನೆ ಹಗ್ಗದ ಮೇಲೆ ನಡೆಯುವ ಚಿತ್ರ ಕಣ್ಣು ಮಿಟುಕಿಸುವುದರೊಳಗೆ ಸಿದ್ಧವಾಗುತ್ತಿತ್ತು. ನೋಡಲು ಚಂದವೇ. ಆದರೆ ಆನೆಯ ಕಾಲ ಕೆಳಗೆ ಹಗ್ಗ ಬಾಗುತ್ತಿರಲಿಲ್ಲ. ಇಂಥವನ್ನು ನೋಡಿ ನೋಡಿ ಜನರಿಗೆ ಕಣ್ಣಿನ ಅಜೀರ್ಣವಾಯಿತು, ಪರದೆಯ ಮೇಲೆ ಮನೆ ಉರುಳಿದರೂ ಅವರು ಆಕಳಿಸುವಂತಾದರು. ಅದಕ್ಕಾಗಿಯೇ ನಂಬಿಕೆ ಪರೀಕ್ಷೆ ಶುರುವಾಯಿತು. ಹೊಸ ಚಿತ್ರವನ್ನು ಮೊದಲು ಹನ್ನೆರಡು ಜನ ನೋಡಬೇಕು. ಅವರ ಮಣಿಕಟ್ಟಿಗೊಂದು ಪಟ್ಟಿ. ಕಣ್ಣು ಕಂಡದ್ದನ್ನು ಮನಸ್ಸು ಒಪ್ಪದಿದ್ದರೆ ನಾಡಿ ಒಂದು ಕ್ಷಣ ಎಡವುತ್ತದೆ, ಪಟ್ಟಿ ಅದನ್ನು ಹಿಡಿದು ಕಂಟ್ರೋಲ್ ರೂಮಿನ ಮಾಪಕದ ಮುಳ್ಳಿಗೆ ಮುಟ್ಟಿಸುತ್ತದೆ. ಮುಳ್ಳು ಕೆಂಪು ಗೆರೆ ದಾಟಿದರೆ ದೃಶ್ಯ ಫೇಲು.

ನೋಡುವವರನ್ನು ಆರಿಸುವ ಪದ್ಧತಿಯೂ ಸರಿಯಾಗಿಯೇ ಇತ್ತು. ಚಿತ್ರದಲ್ಲಿ ನೇಯ್ಗೆಯಿದ್ದರೆ ನೇಕಾರರನ್ನು ಚೀಟಿ ಎತ್ತಿ ಕರೆಯುವುದು, ಮರಗೆಲಸವಿದ್ದರೆ ಬಡಿಗರನ್ನು. ಗೆರೆಮನೆಯ ಹೊಸ ಚಿತ್ರದಲ್ಲಿ ಒಬ್ಬ ಅಜ್ಜಿ ಜೋಳದ ರೊಟ್ಟಿ ಬಡಿಯುತ್ತಾಳೆ, ಹಾಗಾಗಿ ದಿನಾಲು ರೊಟ್ಟಿ ಬಡಿಯುವ ಹನ್ನೆರಡು ಹೆಂಗಸರು ಬಂದರು. ಏಳನೆಯ ಚೀಟಿಯಲ್ಲಿ ಪೂರ್ಣಿಮಾಳ ಅತ್ತೆ ನೀಲಗಂಗವ್ವನ ಹೆಸರಿತ್ತು. ಸ್ಟುಡಿಯೋದ ನೌಕರರು ನೋಡುಗರಾಗಬಾರದು ಎಂದು ನಿಯಮ ಹೇಳುತ್ತದೆ, ನೌಕರರ ಅತ್ತೆಯರ ಬಗ್ಗೆ ಏನೂ ಹೇಳುವುದಿಲ್ಲ. ಅತ್ತೆಯೊಬ್ಬಳು ಸೊಸೆಯ ಪಕ್ಷ ವಹಿಸಿಯಾಳು ಎಂಬ ಯೋಚನೆ ನಿಯಮ ಬರೆದವರಿಗೆ ಬಂದಿರಲಿಕ್ಕಿಲ್ಲ.

ಪರೀಕ್ಷೆಯ ದಿನ ಗಾಜಿನ ಈಚೆಯ ಕಂಟ್ರೋಲ್ ರೂಮಿನಲ್ಲಿ ಮೂವರಿದ್ದರು. ಪೂರ್ಣಿಮಾ, ಚಿತ್ರದ ನಿರ್ದೇಶಕ ಜಯತೀರ್ಥ, ಮೂವತ್ತು ವರ್ಷದಿಂದ ಪೆನ್ಸಿಲ್ಲಿನಲ್ಲೇ ಬೊಂಬೆ ಕುಣಿಸುತ್ತ ಬಂದಿದ್ದ ಹಿರಿಯ ಕಲಾವಿದ ದಸ್ತಗೀರ. ಪರದೆಯ ಮೇಲೆ ಎಮ್ಮೆ ಕೆಸರಿನಿಂದ ಎದ್ದಿತು, ಮುಳ್ಳು ಅಲುಗಲಿಲ್ಲ. ಅಟ್ಟದಿಂದ ಗಡಿಗೆ ಬಿತ್ತು, ಮುಳ್ಳು ನಿದ್ದೆ ಮಾಡುತ್ತಲೇ ಇತ್ತು. ಜಯತೀರ್ಥ ಮೀಸೆ ತಿರುವತೊಡಗಿದ. ಆಮೇಲೆ ಅಜ್ಜಿ ಒಲೆಯ ಮುಂದೆ ಕೂತಳು. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಅಜ್ಜಿ ಹಿಟ್ಟು ನಾದಿ, ರೊಟ್ಟಿ ಬಡಿದು, ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕುತ್ತ ಅವಳನ್ನು ಕ್ಷಮಿಸಬೇಕು. ಇಡೀ ಚಿತ್ರ ನಿಂತಿದ್ದೇ ಆ ದೃಶ್ಯದ ಮೇಲೆ. ಅಜ್ಜಿ ರೊಟ್ಟಿ ಎತ್ತಿದಳು.

ಗಾಜಿನ ಆಚೆ ಹನ್ನೆರಡೂ ಹೆಂಗಸರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಮುಳ್ಳು ಕೆಂಪು ಗೆರೆ ದಾಟಿ ಆ ಕಡೆಯ ಗೋಡೆಗೆ ಬಡಿದು ಅಲ್ಲೇ ನಡುಗುತ್ತ ನಿಂತಿತು. ಗಾಜು ದಪ್ಪವಿದ್ದುದರಿಂದ ಮಾತು ಕೇಳಿಸುತ್ತಿರಲಿಲ್ಲ. ಆದರೆ ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದು, ಪಕ್ಕದವಳ ತೊಡೆಗೆ ಬಡಿದು ನಗುತ್ತಿದ್ದವಳು ತನ್ನ ಅತ್ತೆಯೇ ಎಂಬುದು ಪೂರ್ಣಿಮಾಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಳೂ ಸೀನಿಗೆ ನಗಲಿಕತ್ತಾರ," ಎಂದ ಜಯತೀರ್ಥ. ಅವನ ಕೈ ಮೀಸೆಯಲ್ಲೇ ನಿಂತುಬಿಟ್ಟಿತ್ತು. "ಪೂರ್ಣಿಮಾ, ಹತ್ತು ದಿನಕ್ಕ ಎರಡನೇ ಪರೀಕ್ಷಾ ಅದ. ಅದರಾಗೂ ಹಿಂಗಾತಂದ್ರ ನಿಮ್ಮ ಮೇಜು ಎತ್ತಿ ಗೋದಾಮಿಗೆ ಹಾಕತೇನಿ. ಎಲ್ಲಾರಹಂಗ ರೆಡಿಮೇಡ್ ಚಲನೆ ತರಸೋಣು. ಇದು ಸಿಟ್ಟಿನ ಮಾತಲ್ಲ, ಯೋಚನೆ ಮಾಡೇ ಹೇಳಲಿಕತ್ತೇನಿ."

ಯಾಕೆ ನಕ್ಕಿರಿ ಎಂದು ನೋಡುಗರನ್ನು ಕೇಳುವ ಹಾಗಿರಲಿಲ್ಲ. ಎರಡನೇ ಪರೀಕ್ಷೆ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ ಎಂದು ಅವರು ಸಹಿ ಹಾಕಿರುತ್ತಾರೆ. ತಪ್ಪನ್ನು ಮಾಡಿದವರೇ ಹುಡುಕಬೇಕು.

ಪೂರ್ಣಿಮಾ ಹುಡುಕಿದಳು. ಮೂರು ದಿನ ಮೇಜಿನ ಹೊಟ್ಟೆ ಬಗೆದಳು. ಅವಳ ಶಿಸ್ತೇ ಅಂಥದ್ದು. ಸ್ಟುಡಿಯೋಕ್ಕೆ ಬಂದ ಮೊದಲ ದಿನವೇ ಗೋಡೆಗೆ ಒಂದು, ಮೂರು, ಐದು, ಏಳು ಎಂದು ಬರೆದು ಅಂಟಿಸಿದ್ದಳು. ಬೀಳುವ ವಸ್ತು ಮೊದಲ ಕ್ಷಣ ಒಂದು ಗೇಣು ಇಳಿದರೆ ಎರಡನೆಯ ಕ್ಷಣ ಮೂರು ಗೇಣು, ಆಮೇಲೆ ಐದು, ಆಮೇಲೆ ಏಳು ಇಳಿಯಬೇಕು. ಸಮ ಅಂತರದಲ್ಲಿ ಬರೆದರೆ ಅದು ಬೀಳುವುದಿಲ್ಲ, ಹಗ್ಗ ಕಟ್ಟಿ ಇಳಿಬಿಟ್ಟಂತೆ ಕಾಣುತ್ತದೆ. ದಸ್ತಗೀರ ಆ ಚೀಟಿಯ ಮುಂದೆ ಬಹಳ ಹೊತ್ತು ನಿಂತಿದ್ದ. "ಮೇಡಮ್, ಇದು ನನ್ನ ಕೈಗೆ ಮೂವತ್ತು ವರ್ಷದಿಂದ ಗೊತ್ತಿತ್ರಿ. ನನಗಷ್ಟ ಗೊತ್ತಿರಲಿಲ್ಲ," ಎಂದಿದ್ದ. ಅವತ್ತಿನಿಂದ ಅವರಿಬ್ಬರ ದೋಸ್ತಿ ಗಟ್ಟಿಯಾಗಿತ್ತು.

ಈಗ ಆ ದೋಸ್ತನೇ ಅವಳ ಪಕ್ಕ ಕೂತು ಒಂದೊಂದೇ ಚಿತ್ರ ಸರಿಸಿ ನೋಡಿದ. ಬೆಂಕಿ ಸರಿ. ಸೀರೆಯ ಸೆರಗು ಸರಿ. ಬಳೆ ಜಾರುವುದು ಸರಿ. ಹಿಟ್ಟನ್ನಂತೂ ಪೂರ್ಣಿಮಾ ತಾನೇ ಅಳೆದಿದ್ದಳು. ವಸ್ತುಗಳನ್ನು ಹಿಂಡಿ, ಎಳೆದು, ಹರಿದು ನೋಡುವ ಚಿಕ್ಕ ಯಂತ್ರವೊಂದು ಪ್ರಯೋಗಾಲಯದಲ್ಲಿತ್ತು. ನಾದಿದ ಹಿಟ್ಟು ಬಿಸಿಯಾಗಿರುವಾಗಲೇ ಅದರ ಬಾಯಿಗೆ ಕೊಡಬೇಕು. ಅವಳ ಮನೆ ಐದು ನಿಮಿಷದ ದಾರಿ. ಅಲ್ಲಿ ಬೆಳಗಿನ ರೊಟ್ಟಿ ಅವಳದು, ರಾತ್ರಿಯದು ಅತ್ತೆಯದು. ಬೆಳಿಗ್ಗೆ ಮನೆಯಲ್ಲಿ ರೊಟ್ಟಿಗೆ ನಾದಿದ ಹಿಟ್ಟಿನಲ್ಲೇ ಒಂದು ಉಂಡೆಯನ್ನು ಬಿಸಿ ಡಬ್ಬಿಯಲ್ಲಿಟ್ಟು ತಂದಿದ್ದಳು. ಮೇಜಿನ ನೆನಪಿನಲ್ಲಿ ಅದು ಜೋಳದ ಹಿಟ್ಟು ಎಂಬ ಹೆಸರಿನಲ್ಲಿ ಕೂತಿತ್ತು.

"ಲೆಕ್ಕದಾಗ ತಪ್ಪಿಲ್ರಿ," ಎಂದ ದಸ್ತಗೀರ ಮೂರನೆಯ ದಿನ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ. "ಆದರ ನನಗೂ ನೋಡಿದರ ಏನೋ ಒಂಥರಾ ಆಗತೈತಿ. ಏನಂತ ಹೇಳಾಕ ಬರವಲ್ದು."

ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆ ಮನೆಯಲ್ಲಿ ನೀಲಗಂಗವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಪರೀಕ್ಷೆಯಾದಾಗಿನಿಂದ ಅವಳ ಬಾಯಿಗೆ ಬೀಗ ಬಿದ್ದಿತ್ತು. ಊರ ಸುದ್ದಿಯೆಲ್ಲ ನಾಲಗೆಯ ತುದಿಯಲ್ಲಿರುವ ಹೆಂಗಸು ಸಹಿಗೆ ಇಷ್ಟು ಬೆಲೆ ಕೊಟ್ಟದ್ದು ನೋಡಿ ಮಗ ಮಹಾಂತೇಶನಿಗೇ ಆಶ್ಚರ್ಯವಾಗಿತ್ತು. "ಅವ್ವಾ, ಒಂದ ಮಾತು ಹೇಳು, ಪಾಪ ಆಕಿ ನಿದ್ದಿ ಮಾಡವಲ್ಲಳು," ಎಂದು ಅವನು ಕೇಳಿದ್ದಕ್ಕೆ, "ಸಹಿ ಅಂದ್ರ ಸಹಿ," ಎಂದು ಅವಳು ಶೇಂಗಾದ ಸಿಪ್ಪೆಯನ್ನು ಅವನ ಕಡೆಗೆ ಊದಿದ್ದಳು.

ಒಳಗೆ ಪೂರ್ಣಿಮಾ ರೊಟ್ಟಿಗೆ ಎಸರಿಟ್ಟಿದ್ದಳು. ನೀರು ಮರಳಿತು. ಜೋಳದ ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದಳು. ಮನಸ್ಸೆಲ್ಲ ಮೇಜಿನಲ್ಲಿತ್ತು, ಕೈ ಅದರ ಪಾಡಿಗದು ಕೆಲಸ ಮಾಡುತ್ತಿತ್ತು. ಎಡಗೈ ಕಪಾಟಿನ ಮೇಲಿನ ಹಂತಕ್ಕೆ ಹೋಯಿತು, ಅಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆಯಿತು, ಒಂದು ಮುಷ್ಟಿ ಗೋಧಿಹಿಟ್ಟು ತೆಗೆದು ಜೋಳದ ಹಿಟ್ಟಿಗೆ ಉದುರಿಸಿತು. ಆಗ ಪೂರ್ಣಿಮಾ ತನ್ನ ಕೈಯನ್ನು ಮೊದಲ ಸಲ ಕಂಡವಳಂತೆ ನೋಡಿದಳು.

ಅವಳು ಹಾಸ್ಟೆಲಿನಲ್ಲಿ ಬೆಳೆದ ಹುಡುಗಿ. ಮದುವೆಯಾಗಿ ಬಂದ ಮೊದಲ ವಾರ ಬಡಿದ ರೊಟ್ಟಿಗಳೆಲ್ಲ ಹಂಚು ಮುಟ್ಟುವ ಮೊದಲೇ ನಕಾಶೆಯ ತುಂಡುಗಳಾಗಿದ್ದವು. ನೀಲಗಂಗವ್ವ ಏನೂ ಅನ್ನದೆ ತುಂಡುಗಳನ್ನೇ ತಿಂದಿದ್ದಳು. ಆ ಮೌನಕ್ಕೆ ಹೆದರಿ ಪೂರ್ಣಿಮಾ ತನ್ನ ವಿಜ್ಞಾನ ಬಳಸಿದ್ದಳು. ಗೋಧಿಯಲ್ಲಿ ರಬ್ಬರಿನಂಥ ಎಳೆಗಳಿರುತ್ತವೆ, ನೀರು ತಗುಲಿದರೆ ಬಲೆಯ ಹಾಗೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತವೆ. ಜೋಳಕ್ಕೆ ಆ ಭಾಗ್ಯವಿಲ್ಲ, ಕುದಿನೀರಿಗೆ ಅರೆಬೆಂದ ಪಿಷ್ಟವೊಂದೇ ಅದರ ಅಂಟು. ಒಂದು ಮುಷ್ಟಿ ಗೋಧಿ ಬೆರೆಸಿದ ದಿನದಿಂದ ರೊಟ್ಟಿ ಒಡೆಯಲಿಲ್ಲ. ಹನ್ನೊಂದು ವರ್ಷ ಅದು ನಡೆದುಕೊಂಡು ಬಂದು, ಕಳ್ಳತನ ಹೋಗಿ ಅಭ್ಯಾಸವಾಗಿ, ಅಭ್ಯಾಸವೂ ಮರೆತುಹೋಗಿತ್ತು.

ಅವಳು ಅಡಿಗೆಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಮೇಜು ಸುಳ್ಳು ಹೇಳಿರಲಿಲ್ಲ! ಕೊಟ್ಟ ಹಿಟ್ಟಿನಲ್ಲಿ ಒಂದು ಮುಷ್ಟಿ ಗೋಧಿಯಿತ್ತು, ಆ ಒಂದು ಮುಷ್ಟಿಯನ್ನೂ ಅದು ನಿಯತ್ತಾಗಿ ಪರದೆಗೆ ತಂದಿತ್ತು. ಅಜ್ಜಿ ಎತ್ತಿದಾಗ ರೊಟ್ಟಿ ಒದ್ದೆ ಟವೆಲ್ಲಿನಂತೆ ಜೋತುಬಿದ್ದದ್ದಕ್ಕೆ ಕಾರಣ ಅದೇ. ಅಂಚು ಒಂದು ಕಡೆಗೂ ಬಿರಿಯದಿದ್ದದ್ದಕ್ಕೂ ಅದೇ. ಆರು ವರ್ಷದ ದುಡಿಮೆ ಇಷ್ಟು ಚೆನ್ನಾಗಿ ಫಲ ಕೊಟ್ಟದ್ದು ನೋಡಿ ಅವಳಿಗೆ ಕುಣಿಯಬೇಕೆನ್ನಿಸಿತು.

ಕುಣಿಯಲಿಲ್ಲ. ಪಡಸಾಲೆಯಿಂದ ಶೇಂಗಾ ಒಡೆಯುವ ಸದ್ದು ಬರುತ್ತಿತ್ತು, ಅದನ್ನು ಕೇಳಿ ಪರೀಕ್ಷೆಯ ವಹಿಯ ನೆನಪಾಯಿತು. ಎರಡನೇ ಪರೀಕ್ಷೆಗೆ ಮೊದಲು ಏನು ಬದಲಾಯಿಸಿದಿರಿ, ಯಾಕೆ ಬದಲಾಯಿಸಿದಿರಿ ಎಂದು ವಹಿಯಲ್ಲಿ ಬರೆಯಬೇಕು. ಪರೀಕ್ಷಾಧಿಕಾರಿ ಅದನ್ನು ಹನ್ನೆರಡು ಜನರ ಮುಂದೆ ಓದುತ್ತಾರೆ, ಅವರಲ್ಲಿ ಅತ್ತೆಯೂ ಒಬ್ಬಳು.

ಸೋಮವಾರ ಜಯತೀರ್ಥನಿಗೆ ಹೇಳಿದಾಗ ಅವನು ಕುರ್ಚಿಯಿಂದ ಬೀಳುವಷ್ಟು ನಕ್ಕ. ಆಮೇಲೆ ಸುಲಭದ ದಾರಿ ಹೇಳಿದ. "ವಹಿಯೊಳಗ ಮೇಜಿನ ತಾಂತ್ರಿಕ ದೋಷ ಅಂತ ಬರದುಬಿಡ್ರಿ. ಯಾರಿಗೂ ಏನೂ ಗೊತ್ತಾಗೂದಿಲ್ಲ. ನಿಮ್ಮ ಮನಿ ಮರ್ಯಾದಿನೂ ಉಳೀತದ."

ಪೂರ್ಣಿಮಾ ಪೆನ್ನು ತೆಗೆದುಕೊಂಡಳು. ತಾಂತ್ರಿಕ ಎಂದು ಬರೆದೂ ಬರೆದಳು. ಮುಂದಿನ ಪದ ಬರೆಯಲು ಕೈ ಏಳಲಿಲ್ಲ. ಮೇಜಿನಲ್ಲಿ ದೋಷವಿದೆ ಎಂದು ಒಮ್ಮೆ ವಹಿಗೆ ಹತ್ತಿದರೆ ನಾಳೆ ಅದನ್ನು ಯಾರು ನಂಬುತ್ತಾರೆ? ಮರ್ಯಾದೆ ಉಳಿಸಿಕೊಳ್ಳಲು ಆರು ವರ್ಷದ ಸತ್ಯವಂತನನ್ನು ಸುಳ್ಳುಗಾರ ಎಂದು ಬರೆಯಬೇಕೇ? ಅವಳು ಆ ಪದವನ್ನು ಹೊಡೆದುಹಾಕಿ ಮನೆಗೆ ನಡೆದಳು.

ನೀಲಗಂಗವ್ವ ಚಹಾ ಕುಡಿಯುತ್ತಿದ್ದಳು. ಪೂರ್ಣಿಮಾ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಮೊದಲ ವಾರದ ತುಂಡುಗಳು, ಮೇಲಿನ ಹಂತದ ಡಬ್ಬಿ, ಹನ್ನೊಂದು ವರ್ಷ. ಹೇಳುವಾಗ ಚಹಾದ ಬಸಿಯನ್ನೇ ನೋಡುತ್ತಿದ್ದಳು.

"ಗೋಧಿ," ಎಂದಳು ನೀಲಗಂಗವ್ವ ಕೊನೆಗೆ.

"ಹೌದ್ರಿ ಅತ್ತಿಯಾರ. ಒಂದ ಮುಷ್ಟಿ."

"ಹನ್ನೊಂದು ವರ್ಷ ನಾ ಹೆಂಗಸರ ಸಂಘದಾಗ ಏನ್ ಹೇಳಿಕೋತ ಬಂದೇನಿ ಗೊತ್ತೈತೇನು ನಿನಗ? ನನ್ನ ಸೊಸಿ ಕಲತಾಕಿ ಇದ್ರೂ ಆಕಿ ರೊಟ್ಟಿ ಎರಡು ದಿನ ಇಟ್ರೂ ಮೆತ್ತಗಿರತಾವು, ನಿಮ್ಮ ಸೊಸ್ತೇರ ಕೈಯಾಗ ಆ ಹದ ಇಲ್ಲ ಅಂತ. ಕಸ್ತೂರೆವ್ವನ ಮುಂದ ಅಂತೂ ವಾರಕ್ಕ ಎರಡು ಸಲ!" ಅವಳ ಧ್ವನಿ ಏರಿತು. "ಅವತ್ತ ಆ ಕತ್ತಲಿ ಕೋಣ್ಯಾಗ ನಾನ ಮೊದಲ ನಕ್ಕಾಕಿ. ಇದು ಯಾವ ಮೈಗಳ್ಳ ಸೊಸಿ ಮಾಡಿದ ರೊಟ್ಟಿನೋ ಅಂತ ಕೂಗಿ ಹೇಳಿದೆ. ಎಲ್ಲಾರೂ ನಕ್ಕರು." ಎಂದವಳು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಸಹಿ ಮುರಿದಿತ್ತು.

ಪೂರ್ಣಿಮಾಳಿಗೆ ಅಳು ಬಂದಿತ್ತು, ಅದರ ಹಿಂದೆಯೇ ನಗುವೂ ಬಂತು. ನೀಲಗಂಗವ್ವ ಅದನ್ನು ಕಂಡು ಸಿಟ್ಟಿನಿಂದ ಎದ್ದು ಒಳಗೆ ಹೋದಳು. ಆ ದಿನ ಊಟಕ್ಕೆ ಬರಲಿಲ್ಲ. ಪೂರ್ಣಿಮಾಳಿಗೆ ಅದರಿಂದ ನಿಜವಾಗಿಯೂ ನೋವಾಯಿತು, ಯಾಕೆಂದರೆ ಅತ್ತೆ ಊರೆಲ್ಲ ತನ್ನನ್ನು ಹೊಗಳಿಕೊಂಡು ತಿರುಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸ್ಟುಡಿಯೋದಲ್ಲಿ ಕೈಗವಸು ಹಾಕಿಕೊಂಡು, ಬರೇ ಜೋಳದ ಹಿಟ್ಟು ಅಳೆದು, ಮೇಜಿನ ಮೇಲೆ ಬಡಿದು ನೋಡುತ್ತಿದ್ದಳು. ಪರದೆಯ ಮೇಲೆ ಅಜ್ಜಿಯ ರೊಟ್ಟಿ ನಾಲ್ಕು ತುಂಡಾಯಿತು. ಮತ್ತೆ ಬಡಿದಳು, ಆರಾಯಿತು. "ಮೇಡಮ್, ಈಗ ಹಿಟ್ಟು ಖರೇ ಐತ್ರಿ, ಆದರ ಅಜ್ಜಿ ಮೊನ್ನೆ ಲಗ್ನಾಗಿ ಬಂದಾಕಿ ಹಂಗ ಕಾಣತಾಳ," ಎಂದ ದಸ್ತಗೀರ ಮೆಲ್ಲಗೆ. ಅಷ್ಟರಲ್ಲಿ ಬಾಗಿಲಲ್ಲಿ ನೀಲಗಂಗವ್ವ ನಿಂತಿದ್ದಳು, ಕಂಕುಳಲ್ಲಿ ಹಿಟ್ಟಿನ ಡಬ್ಬಿ.

"ನೋಡಾವರ ಪಟ್ಟಿಯಿಂದ ನನ್ನ ಹೆಸರು ತಗಸಿ ಬಂದೇನಿ, ನನ್ನ ಬದಲಿ ಬ್ಯಾರೆ ಚೀಟಿ ಎತ್ತತಾರಂತ," ಎಂದಳು ಯಾರ ಮುಖವನ್ನೂ ನೋಡದೆ. "ಸಹಿ ಮುರದೇನಿ, ನನಗ ಅಲ್ಲಿ ಕೂಡೂ ಹಕ್ಕಿಲ್ಲ. ನನ್ನ ಸೊಸಿ ಕೆಡಿಸಿದ್ದನ್ನ ಬ್ಯಾರೆಯವ್ರು ಯಾಕ ತಿದ್ದಬೇಕು? ತಾ ಆ ತಂತಿ ಕೈಗವಸ."

ಕೈಗವಸು ಅವಳಿಗೆ ಬಿಗಿಯಾಯಿತು. ಬಳೆ ತೆಗೆಯಬೇಕಾಗುತ್ತದೆ ಎಂದಾಗ ಸುತಾರಾಂ ಒಪ್ಪಲಿಲ್ಲ, ಬಳೆಯ ಸದ್ದಿಲ್ಲದೆ ತನ್ನ ಕೈ ನಡೆಯುವುದಿಲ್ಲ ಎಂದು ಹಟ ಹಿಡಿದಳು. ದಸ್ತಗೀರ ಕತ್ತರಿ ತಂದು ಕೈಗವಸಿನ ಮಣಿಕಟ್ಟನ್ನೇ ಕತ್ತರಿಸಿದ. ಅವಳೇ ನಾದಿದ ಹಿಟ್ಟನ್ನು ಯಂತ್ರ ಹಿಂಡಿ ಅಳೆದುಕೊಂಡಿತು. ಆಮೇಲೆ ಅವಳು ಏನೂ ಇಲ್ಲದ ಮೇಜಿನ ಮೇಲೆ ಅಂಗೈ ಇಟ್ಟಳು. ಮರುಕ್ಷಣ ಕೈ ಹಿಂದೆಳೆದುಕೊಂಡಳು.

"ಅಯ್ಯ ಶಿವನ! ಬೆಚ್ಚಗೈತಿ!"

"ಹಿಟ್ಟು ಬಿಸಿ ಇರಬೇಕಲ್ರಿ ಅತ್ತಿಯಾರ," ಎಂದಳು ಪೂರ್ಣಿಮಾ. ಆ ಒಂದು ಮಾತು ಹೇಳುವಾಗ ಅವಳಿಗೆ ಆರು ವರ್ಷದಲ್ಲಿ ಆಗದಷ್ಟು ಹೆಮ್ಮೆಯಾಯಿತು.

ಟಪ್ ಟಪ್ ಟಪ್ ಎಂದು ಬಡಿತ ಶುರುವಾಯಿತು. ರೊಟ್ಟಿ ಅಗಲವಾಗುತ್ತ ಹೋದಂತೆ ಅಂಚಿನಲ್ಲಿ ಸಣ್ಣ ಬಿರುಕು ಮೂಡುತ್ತಿತ್ತು. ಪೂರ್ಣಿಮಾ ಯಾವಾಗಲೂ ಸೋಲುತ್ತಿದ್ದದ್ದು ಅಲ್ಲೇ. ನೀಲಗಂಗವ್ವನ ಎಡಗೈ ಮಾತ್ರ ಬಿರುಕಿಗಿಂತ ಮೊದಲೇ ಅಲ್ಲಿರುತ್ತಿತ್ತು, ಕಿರುಬೆರಳಿನ ಬದಿಯಿಂದ ಅಂಚನ್ನು ಒಳಗೆ ದಬ್ಬಿ ಮುಚ್ಚುತ್ತಿತ್ತು. ಬಲಗೈ ನಡುವಿಗೆ ಬಡಿಯುತ್ತಲೇ ಇರಲಿಲ್ಲ. ಒಂದು ಬದಿಗೆ ಸರಿಸಿ, ಚೂರು ಓರೆಯಾಗಿ ಬಡಿಯುತ್ತಿತ್ತು, ಆ ಓರೆ ಪೆಟ್ಟಿಗೇ ರೊಟ್ಟಿ ತಾನಾಗಿ ತಿರುಗುತ್ತಿತ್ತು. ನಡುವಿನಿಂದ ದೂರ ಬಿದ್ದ ಬಲ ತಿರುಗಿಸುತ್ತದೆ ಎಂದು ಪೂರ್ಣಿಮಾ ಎಷ್ಟು ವರ್ಷ ಕಾಲೇಜಿನಲ್ಲಿ ಬಾಗಿಲಿನ ಉದಾಹರಣೆ ಕೊಟ್ಟು ಪಾಠ ಮಾಡಿದ್ದಳು! ದಿನಾಲು ಕಣ್ಣೆದುರಿಗೇ ನಡೆಯುತ್ತಿದ್ದದ್ದು ಕಂಡಿರಲಿಲ್ಲ.

"ಇಷ್ಟು ವರ್ಷ ನನಗ್ಯಾಕ ಕಲಸಲಿಲ್ರಿ?" ಎಂದು ಕೇಳಿಯೇಬಿಟ್ಟಳು.

"ನಿನ್ನ ರೊಟ್ಟಿ ಛಲೋ ಬರತಾವು ಅಂತ ತಿಳಕೊಂಡಿದ್ನಲ್ಲ," ಎಂದು ನೀಲಗಂಗವ್ವ ಮುಖ ಸಿಂಡರಿಸಿದಳು. ಆದರೆ ತುಟಿಯ ತುದಿ ಏರಿತ್ತು. "ಬಾ, ಕೈ ಕೊಡು ಇಲ್ಲಿ."

ಎರಡನೇ ಪರೀಕ್ಷೆಯ ದಿನ ಅಧಿಕಾರಿ ವಹಿ ಓದಿದರು. ಮೇಜಿನಲ್ಲಿ ದೋಷವಿರಲಿಲ್ಲ, ಅಳತೆಗೆ ಕೊಟ್ಟ ಜೋಳದ ಹಿಟ್ಟಿನಲ್ಲಿ ಒಂದು ಮುಷ್ಟಿ ಗೋಧಿಹಿಟ್ಟಿತ್ತು, ಬೆರೆಸಿದವಳು ನಾನು, ಪೂರ್ಣಿಮಾ ಹೆಬಸೂರ. ಈ ಸಲ ಗಾಜಿನ ನಡುವಿನ ಸಣ್ಣ ಕಿಟಕಿ ತೆರೆದಿಟ್ಟಿದ್ದರಿಂದ ಮಾತೂ ಕೇಳಿಸುತ್ತಿತ್ತು. ನೋಡುಗರಲ್ಲಿ ಒಬ್ಬಳಾಗಿದ್ದ ಸಂಘದ ಕಸ್ತೂರೆವ್ವ ಕಂಟ್ರೋಲ್ ರೂಮಿನ ಕಡೆಗೆ ತಿರುಗಿ, ಅಲ್ಲಿ ಸೊಸೆಯ ಪಕ್ಕ ಕೂತಿದ್ದ ನೀಲಗಂಗವ್ವನನ್ನು ಹುಡುಕಿ, "ಎರಡು ದಿನ ಮೆತ್ತಗಿರತಾವಂತ!" ಎಂದು ಕೂಗಿದಳು. ನೀಲಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಳಗೇ ನಗುತ್ತಿದ್ದುದರಿಂದ ಅವಳ ಭುಜ ಕುಣಿಯುತ್ತಿತ್ತು.

ದೀಪ ಆರಿತು. ಎಮ್ಮೆ ಎದ್ದಿತು, ಗಡಿಗೆ ಬಿತ್ತು. ಅಜ್ಜಿ ಒಲೆಯ ಮುಂದೆ ಕೂತಳು. ಬಡಿತದ ಸದ್ದಿನೊಂದಿಗೆ ರೊಟ್ಟಿ ಸಣ್ಣಗೆ ತಿರುಗುತ್ತ ಅಗಲವಾಯಿತು, ಅಂಚು ಬಿರಿಯಿತು, ಮುಚ್ಚಿತು. ಪೂರ್ಣಿಮಾ ಅತ್ತೆಯ ಕೈ ಹಿಡಿದುಕೊಂಡಿದ್ದಳು. ಅಜ್ಜಿ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು. ಮುಳ್ಳು ಅಲುಗಲಿಲ್ಲ.

ಆಗ ಅಜ್ಜಿ ಮೊಮ್ಮಗಳ ಕಡೆಗೆ ತಿರುಗಿ ಮಾತು ಶುರು ಮಾಡಿದಳು. ಜಯತೀರ್ಥ ನಾಲ್ಕು ತಿಂಗಳು ಕೂತು ಬರೆದ ಮಾತು ಅದು, ಒಂದೂವರೆ ನಿಮಿಷ. ತಾಯಿಯ ಕರುಳು, ಕಾಲದ ಕ್ರೌರ್ಯ, ಎಲ್ಲವೂ ಅದರಲ್ಲಿತ್ತು. ಅವನು ಕಣ್ಣು ಮುಚ್ಚಿ ತನ್ನ ಸಾಲುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ.

ನೀರು ಆರಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಕುರ್ಚಿಯಲ್ಲಿ ಮಿಸುಕಾಡಿದಳು. ಕಸ್ತೂರೆವ್ವ ಮುಂದಕ್ಕೆ ಬಾಗಿದಳು. ರೊಟ್ಟಿಯ ಅಂಚಿನಿಂದ ತೆಳ್ಳಗೆ ಹೊಗೆ ಎದ್ದಿತು, ಅಜ್ಜಿ ಇನ್ನೂ ಕಾಲದ ಕ್ರೌರ್ಯದಲ್ಲೇ ಇದ್ದಳು.

"ರೊಟ್ಟಿ," ಎಂದಳು ಒಬ್ಬಳು ಮೆಲ್ಲಗೆ.

"ಸೀಯಾಕ ಹತ್ತೈತಿ," ಎಂದಳು ಇನ್ನೊಬ್ಬಳು.

ಕಸ್ತೂರೆವ್ವ ಎದ್ದು ನಿಂತೇಬಿಟ್ಟಳು. ಕೈ ಪರದೆಯ ಕಡೆಗೆ ಚಾಚಿತ್ತು. "ಎಬೇ, ಮಾತು ಆಮ್ಯಾಲ ಆಡ್ತಿಯಂತ, ಮೊದಲ ತಿರುವಿ ಹಾಕು! ಸುಟ್ಟು ಹೋತು!"

ಹನ್ನೆರಡೂ ಜನ ಒಟ್ಟಿಗೆ ಕೂಗುತ್ತಿದ್ದರು. ಮುಳ್ಳು ಗಾಢ ನಿದ್ದೆಯಲ್ಲಿತ್ತು. ಅಧಿಕಾರಿ ಅದರ ಗಾಜಿಗೆ ಬೆರಳಿನಿಂದ ತಟ್ಟಿ, ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಪಾಸು ಎಂದು ಬರೆದರು. ಪೂರ್ಣಿಮಾಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅವಳಿಗೆ ಅನ್ನಿಸಲಿಲ್ಲ.

"ನನ್ನ ಮಾತು ಯಾರೂ ಕೇಳಲಿಲ್ಲಲ್ರಿ," ಎಂದ ಜಯತೀರ್ಥ ಕಣ್ಣು ಬಿಟ್ಟು, ಪಾಪದ ಮುಖ ಮಾಡಿ.

"ಹಂಚಿನ ಮ್ಯಾಲ ರೊಟ್ಟಿ ಇಟ್ಟು ಅಷ್ಟುದ್ದ ಮಾತು ಯಾರು ಆಡತಾರ್ರಿ?" ಎಂದಳು ನೀಲಗಂಗವ್ವ.

ಜಯತೀರ್ಥ ಒಂದು ಕ್ಷಣ ಅವಳನ್ನು ನೋಡಿದ, ಪರದೆಯನ್ನು ನೋಡಿದ, ಇನ್ನೂ ಕೂಗುತ್ತಿದ್ದ ಹೆಂಗಸರನ್ನು ನೋಡಿದ. ಆಮೇಲೆ ಕಿಸೆಯಿಂದ ಪೆನ್ನು ತೆಗೆದು ತನ್ನ ನಾಲ್ಕು ತಿಂಗಳ ಹಾಳೆಯ ಮೇಲೆ ಉದ್ದಕ್ಕೂ ಗೆರೆ ಎಳೆದ.

"ದಸ್ತಗೀರ್, ಮಾತೆಲ್ಲಾ ತಗೀರಿ," ಎಂದ. "ಅಜ್ಜಿ ರೊಟ್ಟಿ ತಿರುವಿ ಹಾಕಲಿ. ಆಮ್ಯಾಲ ಬಿಸಿದನ್ನ ಮೊಮ್ಮಗಳ ಕೈಗೆ ಕೊಡಲಿ. ಸಾಕು."